ಕಾರಿನ ‘ಕೀಂ ಕೀಂ’ ಕೇಳಿಸಿಕೊಳ್ಳುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾರು ರಿವರ್ಸ್ ತೆಗೆಯುವಾಗ ಯಾರಾದರೂ ಡಿಕ್ಕಿ ತಟ್ಟುತ್ತ ‘ಬರ್ಲಿ, ಬರ್ಲಿ... ಹಾಂ, ಸಾಕ್ರೀ!’ ಎನ್ನುತ್ತಿದ್ದರು. ಈಗ ಕಾರೇ ಕೂಗುತ್ತದೆ. 2019ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಆದರೆ ಆ ಕೂಗಿನ ಲೆಕ್ಕ ಗೊತ್ತಿರಬೇಕು. ಗೊತ್ತಿಲ್ಲದೆ ನಂಬಿ ನಾನು ಬಂಪರ್ ಒಡೆದುಕೊಂಡೆ.

ಮೊದಲು ಹಿಂದಿನ ಬಂಪರ್ ನೋಡಿ. ನಾಣ್ಯದಂಥ ಗುಂಡಿಗಳು ಕಾಣುತ್ತವೆ. ರಿವರ್ಸ್ ಗೇರ್ ಹಾಕಿದೊಡನೆ ಅವುಗಳೊಳಗಿನ ತೆಳು ಬಿಲ್ಲೆ ಸೆಕೆಂಡಿಗೆ 40,000ಕ್ಕೂ ಹೆಚ್ಚು ಸಲ ಅದುರುತ್ತದೆ. ನಮ್ಮ ಕಿವಿ 20,000ದ ಆಚೆಗೆ ಕಿವುಡು. ಹಾಗಾಗಿ ನಮಗೆ ಕೇಳುವ ‘ಕೀಂ’ ಆ ಶಬ್ದವಲ್ಲ, ಅದು ಕಾರಿನೊಳಗಿನ ಬಜರ್‌ನದು.

ಬಾವಿಗೆ ಇಣುಕಿ ಕೂಗಿದರೆ ದನಿ ತಿರುಗಿ ಬರುತ್ತದೆ ಅಲ್ವಾ? ಇದೂ ಹಾಗೇ. ಕೂಗಿದ ಬಿಲ್ಲೆಯೇ ಆಮೇಲೆ ಸುಮ್ಮನಾಗಿ ಕಿವಿಗೊಡುತ್ತದೆ. ಗೋಡೆ 1 ಮೀಟರ್ ದೂರವಿದ್ದರೆ ಶಬ್ದ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು. ಆ ಸಮಯದಿಂದಲೇ ದೂರ ಲೆಕ್ಕ ಹಾಕುತ್ತಾರೆ. ಹತ್ತಿರವಾದಷ್ಟೂ ಬಜರ್ ಅವಸರ ಮಾಡುತ್ತದೆ. ಸಾಮಾನ್ಯವಾಗಿ 30 ಸೆಂಟಿಮೀಟರ್ ಹೊತ್ತಿಗೆ ಬಿಡದೆ ‘ಕೀಂಂಂ’. ‘ಇನ್ನೂ ಗೇಣು ಜಾಗ ಐತಿ’ ಎಂದು ಅಲ್ಲಿಂದ ಮುಂದೆ ಹೋಗಬೇಡಿ. ಬಾರಿಸಿದ ಗಂಟೆಯ ಹಾಗೆ ಬಿಲ್ಲೆ ಇನ್ನೂ ಅದುರುತ್ತಿರುವಾಗಲೇ ಪ್ರತಿಧ್ವನಿ ಬಂದುಬಿಟ್ಟರೆ ಅದಕ್ಕೆ ಕೇಳಿಸುವುದೇ ಇಲ್ಲ.

ಈಗ ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕೀ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಸಾಮಾನ್ಯ ಗೇರಿನ ಬಹಳಷ್ಟು ಕಾರುಗಳಲ್ಲಿ ಇಷ್ಟಕ್ಕೇ ಸೆನ್ಸರ್ ಎಚ್ಚರಾಗುತ್ತದೆ. ಹಿಂದಿನಿಂದ ಒಬ್ಬರು ದೊಡ್ಡ ರಟ್ಟಿನ ಡಬ್ಬಿ ಹಿಡಿದು ನಿಧಾನ ಬರಲಿ. ಯಾವ ದೂರಕ್ಕೆ ದನಿ ಬದಲಾಗುತ್ತದೆ ಎಂದು ಟೇಪಿನಿಂದ ಅಳೆಯಿರಿ. ಆಮೇಲೆ ಡಬ್ಬಿಗೆ ಹಳೆಯ ಕೌದಿ ಹೊದಿಸಿ ಮತ್ತೊಮ್ಮೆ ತನ್ನಿ. ಕೂಗು ತಡವಾಗಬಹುದು. ಮೆತ್ತನೆಯದು ಶಬ್ದ ನುಂಗುತ್ತದೆ, ಹತ್ತಿ ಅಂಡಿಗೆಯೂ ಅಷ್ಟೇ. ತೆಳ್ಳನೆ ಸರಳು ತಪ್ಪಿಹೋಗಬಹುದು. ಗಟಾರವಂತೂ ಗೊತ್ತೇ ಆಗುವುದಿಲ್ಲ, ಅಲ್ಲಿ ತಿರುಗಿ ಬರಲು ಏನಿದೆ?

ನನಗೆ ಕೈಕೊಟ್ಟದ್ದು ಒಂದು ಗಿಡ್ಡ ಕಲ್ಲು. ದೂರದಲ್ಲಿ ಕೂಗಿತು, ಹತ್ತಿರ ಬಂದಾಗ ಸುಮ್ಮನಾಯಿತು. ದಾರಿ ಸಾಫ್ ಅಂದುಕೊಂಡೆ. ಕಲ್ಲು ಸೆನ್ಸರ್ ನೋಟದ ಕೆಳಗೆ ಜಾರಿತ್ತು, ಅಷ್ಟೇ. ಕೂಗು ದಿಢೀರ್ ನಿಂತರೆ ಇಳಿದು ನೋಡಿ.

ಮಳೆಗಾಲದಲ್ಲಿ ಗದಗ, ನವಲಗುಂದ ಕಡೆಯ ಎರೆ ಮಣ್ಣು ಮೆತ್ತಿಕೊಂಡರೆ ಸೆನ್ಸರ್ ಸುಮ್‌ಸುಮ್ನೆ ಕೂಗುತ್ತದೆ, ಇಲ್ಲವೆ ಮೂಕಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆಯಬೇಡಿ. ಹಿಂದೆ ಏನೂ ಇಲ್ಲದೆಯೂ ಒಮ್ಮೆ ಕೂಗಿದರೆ ಪಕ್ಕದಲ್ಲಿ ಬಸ್ಸು ನಿಂತಿದೆಯೇ ನೋಡಿ. ಅದರ ಏರ್ ಬ್ರೇಕ್ ಬಿಡುವ ‘ಸ್ಸ್ಸ್’ನಲ್ಲಿ ಸೆನ್ಸರ್‌ಗೆ ಕೇಳುವ ಶಬ್ದವೂ ಇರುತ್ತದೆ.