ಮುದಿ ಕೊನಾರಾ ಬುಡಗಳನ್ನು ಮತ್ತೆ ಚಿಗುರಿಸಿದ ಬಗೆ: ನನ್ನ ಅನುಭವ

ಟೋಕಿಯೋ ಮತ್ತು ಸೈತಾಮಾ ಗಡಿಯ ಸಾಯಾಮಾ ಗುಡ್ಡಗಳ ಅಂಚಿನಲ್ಲಿ ಸುಮಾರು ಅರ್ಧ ಎಕರೆ ಸಾತೋಯಾಮಾವನ್ನು, ಅಂದರೆ ಊರವರು ಸೌದೆ, ಸೊಪ್ಪಿಗೆ ಬಳಸುತ್ತಿದ್ದ ಊರಂಚಿನ ಕಾಡನ್ನು, ನಮ್ಮ ತಂಡ ವಹಿಸಿಕೊಂಡಾಗ ಅಲ್ಲಿನ ಕೊನಾರಾ ಓಕ್ ಮರಗಳಿಗೆ ಅರವತ್ತರ ಆಸುಪಾಸಿನ ವಯಸ್ಸು. 1960ರ ದಶಕದಲ್ಲಿ ಮನೆಗಳಿಗೆ ಗ್ಯಾಸ್ ಬಂದು ಸೌದೆ, ಇದ್ದಿಲು ಬೇಡವಾದ ಮೇಲೆ ಅವಕ್ಕೆ ಗರಗಸ ತಾಗಿರಲಿಲ್ಲ. ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಕಡಿಯುವ ಮರವನ್ನು ಇಷ್ಟು ಮುದಿಯಾಗಲು ಬಿಟ್ಟರೆ ಬುಡ ಚಿಗುರುವುದಿಲ್ಲ, ಕಡಿದರೆ ಇರುವ ಕಾಡೂ ಹೋಗುತ್ತದೆ ಎಂದು ಅನುಭವಸ್ಥರೇ ಎಚ್ಚರಿಸಿದ್ದರು. ಆದರೆ ಓಕ್ ಮರಗಳನ್ನು ಒಣಗಿಸುವ ಶಿಲೀಂಧ್ರವನ್ನು ಹೊತ್ತು ತರುವ ದುಂಬಿ ದಪ್ಪ ಕಾಂಡಗಳನ್ನೇ ಹುಡುಕುವುದರಿಂದ, ಕಡಿಯದೆ ಬಿಟ್ಟ ಮರಗಳೂ ಉಳಿಯುವ ಭರವಸೆಯಿರಲಿಲ್ಲ.

ಮೊದಲ ಚಳಿಗಾಲ ಕಡಿದ ಬುಡಗಳಲ್ಲಿ ಮೂರರಲ್ಲೊಂದು ಚಿಗುರಿರಬಹುದು. ಅವುಗಳಲ್ಲಿಯೂ ಅರ್ಧದಷ್ಟನ್ನು ಮರುವರ್ಷ ಸಾಸಾ ಎಂಬ ಕುಳ್ಳ ಬಿದಿರು ನುಂಗಿತು. ಆದ್ದರಿಂದ ಬುಡವೊಂದನ್ನೇ ನಂಬದೆ, ಶರತ್ಕಾಲದಲ್ಲಿ ಉದುರಿದ ಕಾಯಿಗಳನ್ನು ಶಾಲಾಮಕ್ಕಳಿಂದ ಆರಿಸಿ, ಒಣಗುವ ಮೊದಲೇ ಕುಂಡಗಳಲ್ಲಿ ಬಿತ್ತಿಸಿ, ಆ ಸಸಿಗಳನ್ನು ಚಿಗುರದ ಬುಡಗಳ ಪಕ್ಕದಲ್ಲಿ ನೆಟ್ಟೆವು. ಕೊನಾರಾ ಕಾಯಿ ಅದೇ ಶರತ್ಕಾಲದಲ್ಲಿ ಬೇರು ಬಿಡುವುದರಿಂದ ಇಲ್ಲಿ ತಡವಾದರೆ ವರ್ಷವೇ ಹೋಗುತ್ತದೆ. ಬೇಸಿಗೆಯಲ್ಲಿ ಎರಡು ಸಲ ಸಾಸಾ ಸವರಿದೆವು. ಕೆಲವು ವರ್ಷಗಳ ನಂತರ ಬುಡಕ್ಕೆ ಎರಡು ಮೂರು ಚಿಗುರು ಮಾತ್ರ ಉಳಿಸಿದೆವು. ಯಾವ ಬುಡ ಚಿಗುರುತ್ತದೆಂದು ಕಡಿಯುವ ಮೊದಲೇ ಅಂದಾಜಿಸಲು ತೊಗಟೆಯಲ್ಲಿ ನಾನು ಕಂಡುಕೊಂಡ ಲಕ್ಷಣವೊಂದಿದೆ. ಇನ್ನಷ್ಟು ಮರಗಳಲ್ಲಿ ಪರೀಕ್ಷಿಸುವವರೆಗೆ ಅದನ್ನು ಇಲ್ಲಿ ಬರೆಯಲಾರೆ. ಈಗ ಕಡಿದ ಜಾಗದ ಮುಕ್ಕಾಲು ಭಾಗದಲ್ಲಿ ಆಳೆತ್ತರ ಮೀರಿದ ಎಳೆಗಾಡಿದೆ, ಎಚ್ಚರಿಸಿದ್ದವರೇ ತಮ್ಮ ಸದಸ್ಯರನ್ನು ಕರೆತಂದು ತೋರಿಸುತ್ತಿದ್ದಾರೆ.

ಹಣದ ಮಾತು ಕಷ್ಟದ್ದು. ಮನೆಗಳ ಪಕ್ಕದ ದೊಡ್ಡ ಮರಗಳನ್ನು ವೃತ್ತಿಪರರಿಂದಲೇ ಉರುಳಿಸಬೇಕಾದ್ದರಿಂದ, ವಿಮೆಯೂ ಸೇರಿ ಮೊದಲ ವರ್ಷ ನಾಲ್ಕು ಲಕ್ಷ ಯೆನ್ ದಾಟಿತು. ಶಿಟಾಕೆ ಅಣಬೆ ಬೆಳೆಸುವ ದಿಮ್ಮಿಗಳಿಂದ ಖರ್ಚು ಹುಟ್ಟೀತೆಂಬ ಲೆಕ್ಕ ನಿಲ್ಲಲಿಲ್ಲ, ಏಕೆಂದರೆ ಮುದಿ ಕಾಂಡಗಳು ಅದಕ್ಕೆ ತೀರ ದಪ್ಪ, ಕೊಂಬೆಗಳಷ್ಟೇ ಒದಗಿದವು. ಉಳಿದದ್ದನ್ನು ಸೀಳಿ ಸೌದೆಯಾಗಿ ಮಾರಿದಾಗ ಖರ್ಚಿನ ಕಾಲುಭಾಗ ಮರಳಿರಬೇಕು.

ಮಲೆನಾಡಿನ ಸೊಪ್ಪಿನ ಬೆಟ್ಟ ಕಂಡು ಬೆಳೆದ ನನಗೆ ದರಗನ್ನು ಸುಮ್ಮನೆ ಬಿಡಲು ಮನಸ್ಸಾಗದೆ, ಅದನ್ನು ಗುಡಿಸಿ ಹಲಗೆಯ ಚೌಕಟ್ಟಿನೊಳಗೆ ಕೊಳೆಹಾಕಿದೆ. ಮರುವರ್ಷ ಅದರ ತುಂಬ ಕಬುತೊಮುಶಿ ಎಂಬ ಕೊಂಬಿನ ದುಂಬಿಯ ಮರಿಹುಳುಗಳಿದ್ದವು. ಮಕ್ಕಳನ್ನು ಕಾಡಿಗೆ ಮತ್ತೆ ಮತ್ತೆ ಎಳೆದು ತಂದದ್ದು ನಮ್ಮ ಯಾವ ಪಾಠಕ್ಕಿಂತಲೂ ಹೆಚ್ಚಾಗಿ ಆ ರಾಶಿಯೇ. ಸಾಸಾ ಸವರಿದ ಕಡೆ ಹಳದಿ ಕಿನ್‌ರಾನ್ ಆರ್ಕಿಡ್ ತಾನಾಗಿ ಅರಳಿದಾಗ ನನಗಾದ ಸಂತೋಷ ದೊಡ್ಡದು. ಓಕ್ ಬೇರಿನ ಶಿಲೀಂಧ್ರವನ್ನು ಅವಲಂಬಿಸಿದ ಈ ಗಿಡ ಬೇರೆಡೆ ಬದುಕುವುದಿಲ್ಲವಾದ್ದರಿಂದ, ಕಿತ್ತು ಕೊಡಿ ಎಂದು ಕೇಳಿದವರಿಗೆಲ್ಲ ಇಲ್ಲವೆಂದೆ.

ಪಕ್ಕದ ಜಾಗದ ಮಾಲೀಕರೂ ಈಗ ಒಪ್ಪಿದ್ದಾರೆ. ಅಲ್ಲಿಗೆ ಮೋಸೋ ಎಂಬ ಎತ್ತರದ ಬಿದಿರು ನುಗ್ಗಿರುವುದರಿಂದ ಈ ಚಳಿಗಾಲ ಬಿದಿರನ್ನು ಮಾತ್ರ ಕಡಿದು, ಮುಂದಿನ ಚಳಿಗಾಲ ಓಕ್ ಮರಗಳಿಗೆ ಕೈಹಾಕುತ್ತೇವೆ.