ಬಿಸಿಯಾದಾಗ ಮಾತ್ರ ಕೈಕೊಡುವ ಕ್ರ್ಯಾಂಕ್ ಸೆನ್ಸರ್: ನಾನು ಹಿಡಿದ ಬಗೆ

ಎಂಜಿನ್ ತಿರುಗುತ್ತಿದೆಯೇ ಅಂತ ಅದರ ಕಂಪ್ಯೂಟರಿಗೆ ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಅದನ್ನು ಕಳಚಿ ಶೇಂಗಾ ಎಣ್ಣೆಯಲ್ಲಿ ಕಾಯಿಸಿ ನೋಡ್ತೀನಿ ಅಂದಾಗ ಪುಣೆ ಪಕ್ಕದ ಚಿಂಚವಡದ ಗ್ಯಾರೇಜಿನವರು ನಕ್ಕರು. ‘ಭಜಿ ಕರಿಯೋದೇನ್ರಿ?’ ಅಂತ ನಮ್ಮ ಕಡೆಯವರೂ ಕಾಲೆಳೆದರು. ಆ ಗಾಡಿ ಈಗ ಬೇಸಿಗೆಯಲ್ಲೂ ಖಂಬಾಟಕಿ ಘಾಟ್ ಹತ್ತಿ ಬೆಳಗಾವಿಗೆ ಹೋಗಿ ಬರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ 1.2 ಲೀಟರಿನ ಬಿಎಸ್4 ಪೆಟ್ರೋಲ್ ಹ್ಯಾಚ್‌ಬ್ಯಾಕ್, 90 ಸಾವಿರ ಕಿಲೋಮೀಟರ್ ದಾಟಿದ್ದು. ಊರೊಳಗೆ ಏನೂ ತಕರಾರಿಲ್ಲ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿ, ಘಾಟಿನಲ್ಲಿ ಎಸಿ ಹಾಕಿಕೊಂಡು ಎರಡನೇ ಗೇರಿನಲ್ಲಿ ಏರುವಾಗ ಸ್ವಿಚ್ ಆಫ್ ಮಾಡಿದ ಹಾಗೆ ಬಂದ್. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹತ್ತುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್. ಚೆಕ್ ಎಂಜಿನ್ ದೀಪ ಇಲ್ಲ, ದೋಷದ ಕೋಡೂ ಇಲ್ಲ.

ನನ್ನ ಕೈಗೆ ಬರುವ ಹೊತ್ತಿಗೆ ಗಾಡಿ ಸಾಕಷ್ಟು ದುಡ್ಡು ತಿಂದಿತ್ತು. ಟ್ಯಾಂಕಿನ ಪಂಪ್ ಬದಲಿಗೆ ಐದು ಸಾವಿರದ ಮೇಲೆ, ನಾಲ್ಕು ಪ್ಲಗ್ ಮತ್ತು ಒಂದು ಕಾಯಿಲ್‌ಗೆ ಎರಡೂವರೆ ಸಾವಿರದಷ್ಟು, ಥ್ರಾಟಲ್ ಬಾಡಿ ಕ್ಲೀನಿಂಗಿಗೆ ಎಂಟುನೂರು. ಕೊನೆಗೆ ಒಬ್ಬರು ಇಸಿಯುವನ್ನೇ (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಬೇಕು ಅಂತ ಹದಿನೆಂಟು ಸಾವಿರದ ಅಂದಾಜು ಕೊಟ್ಟಿದ್ದರು.

‘ಪಂಪ್ ಗೇಲಾ’ (ಪಂಪ್ ಹೋಯ್ತು) ಅಂತ ಮೆಕ್ಯಾನಿಕ್ ಹೇಳುವುದಕ್ಕೂ ಒಂದು ಕಾರಣವಿದೆ. ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡು ಓಡಿ ನಿಲ್ಲುತ್ತದೆ. ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ದಂಡ, ತಿರುಗುವ ಪಲ್ಸ್ ಬಂದರೆ ಮಾತ್ರ ಇಸಿಯು ರಿಲೇಯನ್ನು ಮತ್ತೆ ಎಳೆಯುತ್ತದೆ. ಸೆನ್ಸರ್ ಸತ್ತರೆ ಪಂಪ್‌ಗೆ ಕರೆಂಟೇ ಹೋಗುವುದಿಲ್ಲ. ಕ್ರ್ಯಾಂಕ್ ಮಾಡುತ್ತ (ಸೆಲ್ಫ್ ಹೊಡೆಯುತ್ತ) ಪಂಪಿನ ಸದ್ದು ಕೇಳುವವನಿಗೆ ಪಂಪ್ ಸತ್ತಂತೆಯೇ ಕಾಣುತ್ತದೆ. ಸ್ಪಾರ್ಕ್ ಕೂಡ ಅದೇ ಕ್ಷಣ ಹೋಗಿರುತ್ತದೆ, ಅದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಪೆಟ್ರೋಲ್, ಸ್ಪಾರ್ಕ್ ಎರಡೂ ಒಟ್ಟಿಗೆ ಹೋದರೆ ಎರಡಕ್ಕೂ ಮೂಲವಾದದ್ದನ್ನು ಹುಡುಕಬೇಕು.

ರಸ್ತೆಯ ಮೇಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಕಾಸಿನ ಖರ್ಚಿಲ್ಲ. ಎಂಜಿನ್ ಸತ್ತ ಕ್ಷಣ ಕ್ಲಚ್ ಒತ್ತಬೇಡಿ, ಗಾಡಿ ಗೇರಿನಲ್ಲೇ ಉರುಳಲಿ. ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಆದ್ದರಿಂದ ಆರ್‌ಪಿಎಂ ಮುಳ್ಳು ವೇಗದ ಜತೆ ನಿಧಾನ ಇಳಿಯಬೇಕು. ಪೆಟ್ರೋಲ್ ಕೊರತೆಯಾದರೆ ಜಗ್ಗಾಟ ಇರುತ್ತದೆ, ಮುಳ್ಳು ಜೀವಂತ ಇರುತ್ತದೆ. ಗಾಡಿ ಉರುಳುತ್ತಿರುವಾಗಲೇ ಮುಳ್ಳು ದಪ್ಪನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸಿಗ್ನಲ್ ಹೋಗಿದೆ ಅಂತ ಅರ್ಥ. ಎಂಜಿನ್ ಸತ್ತಾಗ ಸ್ಟಿಯರಿಂಗ್ ಬಿಗಿಯಾಗಬಹುದು, ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಒತ್ತಿಗಷ್ಟೇ ವ್ಯಾಕ್ಯೂಮ್ ಉಳಿದಿರುತ್ತದೆ. ಹಿಂದೆ ಟ್ರಕ್ ಇದ್ದರೆ ಪರೀಕ್ಷೆ ಮರೆತು ಪಕ್ಕಕ್ಕೆ ತೆಗೆಯಿರಿ.

ಇಸಿಯುವಿನ ಡೇಟಾವನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಇಎಲ್‌ಎಂ327 ಅಡಾಪ್ಟರ್ ಐದಾರು ನೂರಕ್ಕೆ ಬರುತ್ತದೆ. ಲೈವ್ ಡೇಟಾದಲ್ಲಿ ಆರ್‌ಪಿಎಂ ಒಂದನ್ನೇ ಇಡಿ. ಹತ್ತು ಪ್ಯಾರಾಮೀಟರ್ ಹಾಕಿದರೆ ಓದಿಕೆ ತಡವಾಗುತ್ತದೆ. ಬಿಸಿಯಲ್ಲಿ ಹತ್ತದೆ ಇದ್ದಾಗ ಕ್ರ್ಯಾಂಕ್ ಮಾಡಿ ನೋಡಿ: 200ರ ಆಸುಪಾಸು ಬರಬೇಕಾದ ಜಾಗದಲ್ಲಿ ಸೊನ್ನೆ ಬಂದರೆ ಅರ್ಧ ಕೆಲಸ ಮುಗಿಯಿತು. ಬ್ಯಾಟರಿ ವೀಕಾಗಿದ್ದರೆ ಕ್ರ್ಯಾಂಕಿಂಗಿನಲ್ಲಿ ಅಡಾಪ್ಟರೇ ಕಡಿತವಾಗುತ್ತದೆ, ಅದನ್ನು ಸೊನ್ನೆ ಅಂತ ಓದಬಾರದು. ಹಾಗೇ ಎಂಟು ಹತ್ತು ಸೆಕೆಂಡು ಎಡೆಬಿಡದೆ ಸೆಲ್ಫ್ ಹೊಡೆದಾಗ ಅಲ್ಲಿಯವರೆಗೆ ಕಾಣದ ಪಿ0335, ಅಂದರೆ ಕ್ರ್ಯಾಂಕ್ ಸೆನ್ಸರ್ ದೋಷದ ಕೋಡ್, ಕೂತಿತು. ಗಾಡಿ ಥಟ್ಟನೆ ನಿಂತಾಗ ಕ್ರ್ಯಾಂಕ್ ಪಲ್ಸ್ ಹೋದ ಬೆನ್ನಿಗೇ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನ ಪಲ್ಸೂ ನಿಲ್ಲುತ್ತದೆ, ಇಸಿಯುಗೆ ಅದು ಮಾಮೂಲಿ ಬಂದ್ ಆದ ಹಾಗೆ. ಕ್ಯಾಮ್ ಬರುತ್ತಾ ಕ್ರ್ಯಾಂಕ್ ಬರದೆ ಇದ್ದಾಗ ಮಾತ್ರ ಅದಕ್ಕೆ ಅನುಮಾನ ಬರುತ್ತದೆ.

ಗ್ಯಾರೇಜಿನವರು ಇಷ್ಟಕ್ಕೂ ಒಪ್ಪಲಿಲ್ಲ. ಅವರ ವಾದ: ‘ಸೆನ್ಸರ್ ಚೆಕ್ ಮಾಡಿದ್ದೇವೆ, 850 ಓಮ್ ಇದೆ, ಓಕೆ.’ ತಣ್ಣಗಿದ್ದಾಗ ಅದು ಓಕೆಯೇ. ಎರಡು ತಂತಿಯ ಈ ಸೆನ್ಸರ್ ಅಂದರೆ ಮ್ಯಾಗ್ನೆಟ್ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಕ್ರ್ಯಾಂಕಿನ ಜತೆ ತಿರುಗುವ ಹಲ್ಲಿನ ಚಕ್ರ ಎದುರು ಹಾದಾಗ ಇದರಲ್ಲಿ ಪಲ್ಸ್ ಹುಟ್ಟುತ್ತದೆ. ಒಳಗೆ ತುಂಡಾದರೂ ತಣ್ಣಗಿದ್ದಾಗ ತುದಿಗೆ ತುದಿ ತಾಗಿಕೊಂಡಿರುತ್ತದೆ, ಕಾದು ಹಿಗ್ಗಿದಾಗ ಬಿಡುತ್ತದೆ.

ಇನ್ನು ಎಣ್ಣೆಯ ಕತೆ. ಮೊದಲು ಹೇರ್ ಡ್ರೈಯರ್ ಹಿಡಿದೆ, ಒಳತನಕ ಶಾಖ ಇಳಿಯಲಿಲ್ಲ. ಹೀಟ್ ಗನ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಕುದಿಯುವ ನೀರಿನಲ್ಲಿ ತುದಿ ಮುಳುಗಿಸಿದಾಗ ಓಮ್ ಮೆಲ್ಲಗೆ ಏರಿ 1,080ರ ಹತ್ತಿರ ನಿಂತಿತು. ಇಲ್ಲಿ ತುಂಬ ಜನ ‘ಸಿಕ್ತು’ ಅಂದುಬಿಡುತ್ತಾರೆ. ಸಿಕ್ಕಿಲ್ಲ. ತಾಮ್ರದ ರೆಸಿಸ್ಟೆನ್ಸ್ ಪ್ರತಿ 10 ಡಿಗ್ರಿಗೆ ಶೇ. 4ರ ಹತ್ತಿರ ಏರುತ್ತದೆ. 28 ಡಿಗ್ರಿಯಲ್ಲಿ 850 ಇದ್ದದ್ದು 98ರಲ್ಲಿ 1,080 ಆಗುವುದೇ ಸರಿ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98ಕ್ಕೆ. ಸೆನ್ಸರ್ ಕೂತಿದ್ದ ಜಾಗ ಎಕ್ಸಾಸ್ಟಿನ ಕೆಳಗೆ, ಬೆಲ್ ಹೌಸಿಂಗಿನ (ಎಂಜಿನ್-ಗೇರ್‌ಬಾಕ್ಸ್ ಕೂಡುವಲ್ಲಿನ ಕವಚ) ಮೇಲೆ. ಘಾಟಿನಲ್ಲಿ ಅಲ್ಲಿ ಅದಕ್ಕಿಂತ ಹೆಚ್ಚು ಕಾಯುತ್ತದೆ.

ಆದ್ದರಿಂದ ಎಣ್ಣೆ. ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕಾಲು ಲೀಟರ್, ಅಡುಗೆಯ ಥರ್ಮಾಮೀಟರ್, ಕಡಿಮೆ ಉರಿ. ಸೆನ್ಸರ್ ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗುಹಾಕಿ, ಕನೆಕ್ಟರ್ ಮೇಲಿರಲಿ. ತುದಿಯಲ್ಲಿ ನೀರಿನ ಪಸೆ ಇರಬಾರದು, ಸಿಡಿಯುತ್ತದೆ. 120 ಮುಟ್ಟಿದರೆ ಉರಿ ಆರಿಸಿ. ನಿಧಾನ ಏರುತ್ತಿದ್ದ ಓಮ್ 112-115ರ ನಡುವೆ ಒಮ್ಮೆಲೇ ‘ಓಎಲ್’, ಅಂದರೆ ಒಳಗಿನ ತಂತಿ ಬಿಟ್ಟಿದೆ. ಎಣ್ಣೆ ಆರುತ್ತ 90ಕ್ಕೆ ಇಳಿದಾಗ ಮತ್ತೆ ಸಾವಿರದ ಮೇಲೆ. ಮತ್ತೆ ಕಾಯಿಸಿದರೂ ಅದೇ ಆಟ. ವಿಡಿಯೋ ಮಾಡಿ ಕಳಿಸಿದ ಮೇಲೆ ನಗು ನಿಂತಿತು. ಆ ಶೇಂಗಾ ಎಣ್ಣೆಯನ್ನು ಮನೆಯವರು ಅಡುಗೆಮನೆಗೆ ವಾಪಸು ಬಿಟ್ಟುಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು.

ಹಳೆಯದನ್ನು ಬಿಚ್ಚುವಾಗಲೇ ಹೆಚ್ಚಿನ ಅನಾಹುತ. ಬ್ಯಾಟರಿ ಮೈನಸ್ ತೆಗೆದು, 10ರ ಬೋಲ್ಟ್ ಬಿಚ್ಚಿದ ಮೇಲೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ವರ್ಷಗಟ್ಟಲೆ ಅಲ್ಯೂಮಿನಿಯಮಿಗೆ ಕಚ್ಚಿಕೊಂಡ ಪ್ಲಾಸ್ಟಿಕ್ ಕುತ್ತಿಗೆಯಲ್ಲೇ ಮುರಿಯುತ್ತದೆ. ತುಂಡು ಬೆಲ್ ಹೌಸಿಂಗಿಗೆ ಬಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಐದಾರು ಸಾವಿರ. ಮೊದಲು ಎಡಕ್ಕೆ ಬಲಕ್ಕೆ ತಿರುಗಿಸಿ ಸಡಿಲಿಸಿ, ಆಮೇಲೆ ಎಳೆಯಿರಿ. ಎಂಜಿನ್ ಉಗುರು ಬೆಚ್ಚಗಿದ್ದರೆ ಸಲೀಸು. ಕಚ್ಚಿದ ಓ-ರಿಂಗ್ (ಸೆನ್ಸರಿನ ರಬ್ಬರ್ ಬಳೆ) ಬಿಡಿಸಲು ಡಬ್ಲ್ಯೂಡಿ-40 ಅಲ್ಲದೆ ನಾನು ಇನ್ನೊಂದನ್ನು ಬಳಸುತ್ತೇನೆ. ಅದು ಏನೆಂದು ಬರೆಯುವುದಿಲ್ಲ, ಭೇಟಿಯಾದರೆ ಹೇಳುತ್ತೇನೆ.

ಹೊಸದಕ್ಕೆ ಪುಣೆಯ ಬಿಡಿಭಾಗದ ಪೇಟೆ ‘ನಾನಾ ಪೇಠ’ ಸುತ್ತಿದೆ. 350 ರೂಪಾಯಿಯಿಂದ ಹಿಡಿದು 1,600ರವರೆಗೆ ಮಾಲು ಇದೆ. ಅಗ್ಗದ್ದು ಯಾಕೆ ಬೇಡ ಅಂದರೆ ಮ್ಯಾಗ್ನೆಟ್. ಹಳೆಯ ಸೆನ್ಸರಿನ ತುದಿಗೆ 10ರ ಸ್ಪ್ಯಾನರ್ ನೇತುಬೀಳುತ್ತಿತ್ತು, 350ರ ಮಾಲಿಗೆ ಹಿಡಿಯಲೇ ಇಲ್ಲ. ಹಾಕಿಯೂ ನೋಡಿದೆ: ಕ್ರ್ಯಾಂಕಿಂಗಿನಲ್ಲಿ ಮಲ್ಟಿಮೀಟರಿನ ಎಸಿ ವೋಲ್ಟ್ ರೇಂಜಿನಲ್ಲಿ 0.2 ವೋಲ್ಟ್ ಬಂತು, ಸ್ಟಾರ್ಟ್ ಆಗಲು ಎಳೆದಾಡಿತು. 1,600ರದ್ದರಲ್ಲಿ ಒಂದು ವೋಲ್ಟಿನ ಹತ್ತಿರ. ಅಂಗಡಿಗೆ ಮಲ್ಟಿಮೀಟರ್ ಒಯ್ಯುವುದಕ್ಕೆ ನಾಚಿಕೆ ಬೇಡ. ಮುಂಬಯಿಯಲ್ಲಿರುವವರು ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆಯದನ್ನು ಇನ್ನೂರಕ್ಕೆ ತರುತ್ತಾರೆ, ಆದರೆ ಅದನ್ನೂ ಎಣ್ಣೆಗೆ ಹಾಕಿ ನೋಡಿಯೇ ಜೋಡಿಸಬೇಕು.

ಜೋಡಿಸುವಾಗ ಓ-ರಿಂಗಿಗೆ ಎಂಜಿನ್ ಆಯಿಲ್ ಒಂದು ಹನಿ ಸಾಕು. ಸೆನ್ಸರ್ ಕೂರುವ ಜಾಗಕ್ಕೆ ಸಿಲಿಕೋನ್ ಹಚ್ಚುವವರಿದ್ದಾರೆ, ಹಚ್ಚಿದರೆ ಹಲ್ಲಿಗೂ ಸೆನ್ಸರಿಗೂ ನಡುವಿನ ಗ್ಯಾಪ್ ಹೆಚ್ಚುತ್ತದೆ. ಅದು ಇರುವುದೇ ಒಂದು ಮಿಲಿಮೀಟರಿನ ಆಸುಪಾಸು. ಬೋಲ್ಟ್ 8-10 ನ್ಯೂಟನ್ ಮೀಟರ್, ಅಂದರೆ ಸಣ್ಣ ರಾಚೆಟ್ಟಿನಲ್ಲಿ ಮಣಿಕಟ್ಟಿನ ಬಿಗಿ. ಕನೆಕ್ಟರ್ ಕತ್ತರಿಸಿ ಜೋಡಿಸಬೇಕಾಗಿ ಬಂದರೆ ಎರಡು ತಂತಿ ಅದಲುಬದಲು ಆಗದಿರಲಿ. ಅದಲುಬದಲಾದರೆ ಟೈಮಿಂಗ್ ಅರ್ಧ ಹಲ್ಲು ಸರಿದು ಗಾಡಿ ಕೆಮ್ಮುತ್ತದೆ, ಎಲ್ಲರೂ ಮತ್ತೆ ಕಾಯಿಲ್ ಹುಡುಕಲು ಹೊರಡುತ್ತಾರೆ.

ಚಟಕ್ಕೆ ಒಂದು ಹೆಚ್ಚಿನ ಪ್ರಯೋಗ ಮಾಡಿದೆ. ಬುಧವಾರ ಪೇಠದ ತಾಪಕೀರ ಗಲ್ಲಿಯಿಂದ ಸಾವಿರದ ಚಿಲ್ಲರೆಗೆ ಪುಟ್ಟ ಆಸಿಲೋಸ್ಕೋಪ್ ಕಿಟ್ ತಂದು ಸಿಗ್ನಲ್ಲಿನ ಅಲೆ ನೋಡಿದೆ. 60-2 ಚಕ್ರ (60 ಹಲ್ಲಿನ ಜಾಗದಲ್ಲಿ ಎರಡು ಬಿಟ್ಟದ್ದು), 58 ಉಬ್ಬು, ನಂತರ ಖಾಲಿ ಜಾಗ, ಚೊಕ್ಕವಾಗಿ ಕಂಡಿತು. ಸ್ಕೋಪ್ ಇಲ್ಲದವರಿಗೆ ಮಲ್ಟಿಮೀಟರಿನ ಹರ್ಟ್ಸ್ ಸಾಕು: 200 ಆರ್‌ಪಿಎಂನಲ್ಲಿ 193ರ ಹತ್ತಿರ ಬರಬೇಕು. ಹೈ ಆರ್‌ಪಿಎಂನಲ್ಲಿ ವೋಲ್ಟೇಜ್ ಹತ್ತಾರು ಪಟ್ಟು ಏರುತ್ತದೆ, ಅಗ್ಗದ ಸ್ಕೋಪಿಗೆ ವೋಲ್ಟೇಜನ್ನು ಹತ್ತರಲ್ಲೊಂದಕ್ಕೆ ಇಳಿಸುವ 10:1 ಪ್ರೋಬ್ ಇಲ್ಲದೆ ರೇಸ್ ಕೊಡಬೇಡಿ.

ಲೆಕ್ಕ: ಸೆನ್ಸರ್ 1,600, ಹಾಳಾದ 350, ಎಕ್ಸಾಸ್ಟ್ ಪಕ್ಕದ ವೈರಿಂಗಿಗೆ ಫೈಬರ್ ಗ್ಲಾಸ್ ಸ್ಲೀವ್ ನೂರರ ಒಳಗೆ. ಮೂರು ತಂತಿಯ ಹಾಲ್ ಸೆನ್ಸರ್ ಇರುವ ಗಾಡಿಯವರು ಓಮ್ ಅಳೆಯಲು ಹೋಗಬೇಡಿ, ಒಳಗೆ ಐಸಿ ಚಿಪ್ ಇದೆ. ಅದಕ್ಕೆ ಬರುವ ಕರೆಂಟ್, ಅರ್ಥಿಂಗ್ ನೋಡಿಕೊಂಡು, ಸಿಗ್ನಲ್ ತಂತಿಯಲ್ಲಿ ಸೊನ್ನೆಗೂ 5 ವೋಲ್ಟಿಗೂ ಜಿಗಿತ ಬರುತ್ತದೆಯೇ ಅಂತ ಗಾಡಿ ಬಿಸಿಯಿದ್ದಾಗಲೇ ನೋಡಬೇಕು.