ಸ್ಪೀಡ್ ಟೆಸ್ಟ್ ಚೆನ್ನಾಗಿದ್ದರೂ ಮೀಟಿಂಗ್ ತುಂಡಾಗುತ್ತಿದೆಯಾ? ಹೀಗೆ ಅಳೆದು ನೋಡಿ

ಶಿರಸಿ, ಸಿದ್ದಾಪುರ ಕಡೆ ಹಳ್ಳಿ ಮನೆಯಿಂದಲೇ ಕಂಪನಿ ಕೆಲಸ ಮಾಡುವವರು ಈಗ ಜಾಸ್ತಿ. ಸ್ಪೀಡ್ ಟೆಸ್ಟ್ 50 ಎಂಬಿಪಿಎಸ್ ತೋರಿಸುತ್ತದೆ, ಮೀಟಿಂಗಿನಲ್ಲಿ ಮಾತ್ರ ಮಾತು ತುಂಡು ತುಂಡು. ಸುಮ್ನೆ ದೊಡ್ಡ ಪ್ಲಾನಿಗೆ ದುಡ್ಡು ಸುರಿಯಬೇಡಿ. ತೊಂದರೆ ಎಲ್ಲಿದೆ ಅಂತ ಮೊದಲು ನೀವೇ ಅಳೆಯಿರಿ. ಲ್ಯಾಪ್‌ಟಾಪಿನಲ್ಲಿ ಪಿಂಗ್ ಮೊದಲೇ ಇರುತ್ತದೆ. 1983ರಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ ಅದು, ಪ್ಯಾಕೆಟ್ (ಅಂದರೆ ಡೇಟಾದ ಚಿಕ್ಕ ತುಂಡು) ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಹೇಳುತ್ತದೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಪಿಂಗ್ (ping) ಅಂತ ಟೈಪ್ ಮಾಡಿ, ಜಾಗ ಬಿಟ್ಟು ರೌಟರಿನ ವಿಳಾಸ ಕೊಡಿ. ಎಷ್ಟೋ ರೌಟರುಗಳಲ್ಲಿ ಅದು 192.168.1.1, ಅಲ್ಲದಿದ್ದರೆ ಅಡಿಯಲ್ಲಿರುವ ಸ್ಟಿಕ್ಕರ್ ನೋಡಿ. ರೌಟರ್ ಪಕ್ಕ ಕೂತು ಒಮ್ಮೆ, ನೀವು ಕೆಲಸಕ್ಕೆ ಕೂರುವ ಜಾಗದಲ್ಲಿ ಒಮ್ಮೆ. ಪಕ್ಕದಲ್ಲಿ 2–3 ಬಂದು ಉಪ್ಪರಿಗೆಯಲ್ಲಿ 80, 200 ಅಂತ ಕುಣಿದರೆ ತೊಂದರೆ ವೈಫೈನದು. ಹಳೆ ಮನೆಯ ದಪ್ಪ ಗೋಡೆ ಸಿಗ್ನಲ್ ತಿಂದುಬಿಡುತ್ತದೆ. ಲ್ಯಾನ್ ಕೇಬಲ್ ಎಳೆಯಿರಿ.

ಅಲ್ಲಿ ಎಲ್ಲ ಸರಿ ಇದ್ದರೆ ಮನೆಯ ಹೊರಗಿರುವ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೆ ಪಿಂಗ್ ಮಾಡಿ. ಕೊನೆಯಲ್ಲಿ ಜಾಗ ಬಿಟ್ಟು ಮೈನಸ್ ಟಿ (-t) ಹಾಕಿದರೆ ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ಅದು ಓಡುತ್ತಿರುವಾಗಲೇ ಅದೇ ವೈಫೈಗೆ ಸೇರಿದ ಮೊಬೈಲಿನಿಂದ ದೊಡ್ಡ ವಿಡಿಯೋ ಒಂದನ್ನು ಗೂಗಲ್ ಡ್ರೈವಿಗೆ ಏರಿಸಿ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿಯಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. 25 ಇದ್ದದ್ದು 400ಕ್ಕೆ ಹಾರಿತಾ? ಹಾಗಿದ್ದರೆ ಮೋಡೆಮ್ ಒಳಗೆ ಪ್ಯಾಕೆಟ್ಟುಗಳ ಉದ್ದ ಸಾಲು ನಿಂತಿದೆ, ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ದೇವಿಮನೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ, ನಿಮ್ಮ ಮಾತಿನ ಚಿಕ್ಕ ಪ್ಯಾಕೆಟ್ ಆ ವಿಡಿಯೋ ಹಿಂದೆ ಕಾಯುತ್ತಿರುತ್ತದೆ.

ಈ ಸಾಲಿನ ಕಾರಣ ಹುಡುಕಲು ಹಿಂದೆ ಬಿದ್ದವರು ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್‌ಸನ್. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅವರ ಲ್ಯಾಬಿಗೂ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರಕ್ಕೆ, ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದದ್ದು 40 ಬಿಟ್‌ಗೆ ಕುಸಿಯಿತು. ಯಾಕೆ ಅಂತ ಅವರು ಬಿಡದೆ ಹುಡುಕಿದರು. ದಾರಿ ತುಂಬಿದಾಗ ಕಳಿಸುವ ವೇಗ ತಗ್ಗಿಸಬೇಕು ಅನ್ನುವ 1988ರ ಅವರ ಪ್ರಬಂಧದ ವಿಚಾರ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಡೇಟಾ ಕಳಿಸುವ ನಿಯಮವಾದ ಟಿಸಿಪಿಯ ಒಳಗಿದೆ, ನಿಜಕ್ಕೂ ದೊಡ್ಡ ಕೆಲಸ ಅದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಇದೇ ಸಾಲನ್ನು ಚಿಕ್ಕದಾಗಿಡುವ ಕೋಡೆಲ್ ಅನ್ನುವ ವಿಧಾನ ಕೊಟ್ಟರು. ನಿಮ್ಮ ರೌಟರ್ ಸೆಟ್ಟಿಂಗಿನಲ್ಲಿ ಈ ಸಾಲನ್ನು ಹತೋಟಿಯಲ್ಲಿಡುವ ಎಸ್‌ಕ್ಯೂಎಂ (SQM) ಅಂತ ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ. 85–90ಕ್ಕೆ ಇಡಿ. ಇಲ್ಲದಿದ್ದರೆ ಮೀಟಿಂಗ್ ಹೊತ್ತಿಗೆ ಫೋಟೋ ಬ್ಯಾಕಪ್, ಅಂಗಳದ ಅಡಿಕೆ ಕಾಯುವ ಕ್ಯಾಮರಾದ ಕ್ಲೌಡ್ ಅಪ್‌ಲೋಡ್ ನಿಲ್ಲಿಸಿಡಿ.

ಏನೂ ಅಪ್‌ಲೋಡ್ ಇಲ್ಲದಾಗಲೂ ಅಂಕಿ ಹಾರಾಡುತ್ತಿದ್ದರೆ ಪಿಂಗ್ ಬದಲು ಟ್ರೇಸರ್ಟ್ (tracert) ಅಂತ ಟೈಪ್ ಮಾಡಿ ಓಡಿಸಿ, ದಾರಿಯಲ್ಲಿರುವ ರೌಟರುಗಳು ಒಂದೊಂದಾಗಿ ಕಾಣುತ್ತವೆ. ನಡುವೆ ಎಲ್ಲೋ ನಕ್ಷತ್ರ ಚಿಹ್ನೆ ಬಂತು ಅಂತ ಗಾಬರಿ ಬೇಡ. ಎಷ್ಟೋ ರೌಟರುಗಳು ಪ್ಯಾಕೆಟ್ಟನ್ನು ಮುಂದೆ ಕಳಿಸುತ್ತವೆ, ತಾವು ಉತ್ತರ ಕೊಡುವುದಿಲ್ಲ ಅಷ್ಟೇ. ಒಂದು ಸಾಲಿನಲ್ಲಿ ಏರಿದ ಅಂಕಿ ಕೊನೆಯ ಸಾಲಿನವರೆಗೂ ಇಳಿಯದಿದ್ದರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ, ಹೊತ್ತು, ಮಳೆ ಇತ್ತಾ ಇಲ್ವಾ ಅನ್ನುವುದನ್ನೂ ಬರೆದು ಇಂಟರ್ನೆಟ್ ಕೊಟ್ಟವರಿಗೆ ಕಳಿಸಿ.